ಶವಾಗಾರದ ಸಿಬ್ಬಂದಿಗೆ ಕೈಪಿಡಿ: ಬಾಗಿಲ ಹೊರಗೆ ಕಾಯುವವರಿಗೆ ಏನು ಹೇಳಬೇಕು?

ಪ್ರಶ್ನೆ – ಜಿಲ್ಲಾ ಆಸ್ಪತ್ರೆಯ ಶುಶ್ರೂಷಣಾಧಿಕಾರಿ

ಎಲ್ಲರಿಗೂ ನಮಸ್ಕಾರ. ನಾನು ಉತ್ತರ ಕರ್ನಾಟಕದ ಒಂದು ಜಿಲ್ಲಾ ಆಸ್ಪತ್ರೆಯಲ್ಲಿದ್ದೇನೆ. ಕಳೆದ ತಿಂಗಳಿನಿಂದ ಶವಾಗಾರದ ಮೇಲ್ವಿಚಾರಣೆಯನ್ನೂ ನನಗೆ ವಹಿಸಿದ್ದಾರೆ. ಅಲ್ಲಿರುವ ಮೂವರು ಡಿ ಗ್ರೂಪ್ ನೌಕರರು ಕೆಲಸದಲ್ಲಿ ಪಳಗಿದವರೇ. ಆದರೆ ಮೃತರ ಕಡೆಯವರೊಂದಿಗೆ ಹೇಗೆ ಮಾತನಾಡಬೇಕೆಂದು ಅವರಿಗೆ ಯಾರೂ ಎಂದೂ ಹೇಳಿಕೊಟ್ಟಿಲ್ಲ. ಹೋದ ವಾರ ವಿಷ ಸೇವಿಸಿ ತೀರಿಕೊಂಡ ಹುಡುಗನೊಬ್ಬನ ತಂದೆ, ಮಗನ ಚಪ್ಪಲಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದುಕೊಂಡು, ಸಂಜೆ 6ರಿಂದ ಮರುದಿನ 11ರವರೆಗೆ ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದರು. ತಡವೇಕೆ ಎಂದು ಕೇಳಿದಾಗಲೆಲ್ಲ ನಮ್ಮವರು ‘ಪೊಲೀಸರನ್ನು ಕೇಳಿ’ ಎಂದರು, ಪೊಲೀಸರು ‘ಡಾಕ್ಟರನ್ನು ಕೇಳಿ’ ಎಂದರು. ಸಿಬ್ಬಂದಿಗಾಗಿ ಎರಡು ಪುಟಗಳ ಕೈಪಿಡಿಯೊಂದನ್ನು ಬರೆಯಬೇಕೆಂದಿದ್ದೇನೆ. ಅದರಲ್ಲಿ ಏನಿರಬೇಕು?

ಉತ್ತರ 1 – ನಿವೃತ್ತ ಫೋರೆನ್ಸಿಕ್ ವೈದ್ಯ

ಮೊದಲ ಪುಟದಲ್ಲಿ ಸಾಂತ್ವನದ ಮಾತುಗಳನ್ನು ಬರೆಯಬೇಡಿ, ತಡಕ್ಕೆ ಕಾರಣಗಳನ್ನು ಬರೆಯಿರಿ. ಆ ತಂದೆಗೆ ಬೇಕಾಗಿದ್ದುದು ಅದೇ. ಅಸಹಜ ಸಾವು ಎಂದಾದರೆ ಪೊಲೀಸರು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಮಿನಡಿ ಯುಡಿಆರ್ (ಅಸಹಜ ಸಾವಿನ ವರದಿ) ದಾಖಲಿಸಿ, ಪಂಚರ ಸಮ್ಮುಖದಲ್ಲಿ ಶವ ಪಂಚನಾಮೆ ಮುಗಿಸಿ, ಕೋರಿಕೆ ಪತ್ರ ಕೊಟ್ಟ ಮೇಲೆಯೇ ವೈದ್ಯರು ಪರೀಕ್ಷೆ ಆರಂಭಿಸಲು ಸಾಧ್ಯ. ಸೌಲಭ್ಯವಿರುವ ಆಸ್ಪತ್ರೆಗಳಲ್ಲಿ ಸೂರ್ಯಾಸ್ತದ ನಂತರವೂ ಮರಣೋತ್ತರ ಪರೀಕ್ಷೆ ನಡೆಸಬಹುದೆಂದು ಕೇಂದ್ರ ಆರೋಗ್ಯ ಸಚಿವಾಲಯ 2021ರ ನವೆಂಬರಿನಲ್ಲಿ ಹೇಳಿತಾದರೂ ಕೊಲೆ, ಆತ್ಮಹತ್ಯೆ, ಅತ್ಯಾಚಾರ ಮತ್ತು ಅನುಮಾನಾಸ್ಪದ ಪ್ರಕರಣಗಳನ್ನು, ಕೊಳೆತ ದೇಹಗಳನ್ನು, ಕಾನೂನು ಸುವ್ಯವಸ್ಥೆಯ ತುರ್ತು ಇಲ್ಲದ ಹೊರತು, ಅದರಿಂದ ಹೊರಗಿಟ್ಟಿದೆ. ‘ಯಜಮಾನರೇ, ಇಂಥ ಪ್ರಕರಣದಲ್ಲಿ ಬೆಳಗಾಗುವವರೆಗೆ ಕಾಯಲೇಬೇಕು, ಬೆಳಿಗ್ಗೆ ಠಾಣೆಯ ಕಾಗದ ಬಂದ ಮೇಲೆ ಸುಮಾರು ಇಷ್ಟು ಹೊತ್ತು ಹಿಡಿಯುತ್ತದೆ’ ಎಂದು ಸಂಜೆಯೇ ಒಬ್ಬರು ಹೇಳಿದ್ದರೆ ಅವರು ಮನೆಗೆ ಫೋನಾದರೂ ಮಾಡುತ್ತಿದ್ದರು. ವಿಷದ ಪ್ರಕರಣವಾದ್ದರಿಂದ ವಿಸೆರಾ (ಒಳಾಂಗಗಳ ಮಾದರಿ) ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗುತ್ತದೆ, ಅಂತಿಮ ಅಭಿಪ್ರಾಯಕ್ಕೆ ತಿಂಗಳುಗಳೇ ಬೇಕಾಗಬಹುದು ಎಂಬುದನ್ನೂ ಅಂದೇ ತಿಳಿಸಿ. ಇಲ್ಲವಾದರೆ ವರದಿಗಾಗಿ ವಾರವಾರವೂ ಬಸ್ಸು ಹತ್ತಿ ಬರುತ್ತಾರೆ.

ಎರಡನೆಯದು ಗುರುತು. ಮಣಿಕಟ್ಟಿಗೊಂದು, ಕಾಲಿನ ಹೆಬ್ಬೆರಳಿಗೊಂದು ಚೀಟಿ ಇರಬೇಕು, ವಹಿಯ ಕ್ರಮಸಂಖ್ಯೆ ಎರಡರಲ್ಲೂ ಒಂದೇ ಆಗಿರಬೇಕು, ಒಪ್ಪಿಸುವಾಗ ಮುಖ ತೋರಿಸಿದ ಮೇಲೆಯೇ ಸಹಿ ಪಡೆಯಬೇಕು. ಪ್ರತಿ ಪಾಳಿ ಬದಲಾದಾಗ ಫ್ರೀಜರಿನ ಅರೆಗಳನ್ನು ವಹಿಯೊಂದಿಗೆ ತಾಳೆ ನೋಡಬೇಕು. 2020ರ ಜುಲೈನಲ್ಲಿ ಕೋವಿಡ್‌ನಿಂದ ತೀರಿಕೊಂಡ ಇಬ್ಬರ ದೇಹಗಳು 2021ರ ನವೆಂಬರಿನಲ್ಲಿ ಬೆಂಗಳೂರಿನ ಶವಾಗಾರವೊಂದರಲ್ಲಿ ಪತ್ತೆಯಾದದ್ದನ್ನು ನಾವೆಲ್ಲ ಪತ್ರಿಕೆಗಳಲ್ಲಿ ಓದಿದ್ದೇವೆ.

ನಿಮ್ಮ ಭಾಗದಲ್ಲಿ ಲಿಂಗಾಯತ ಕುಟುಂಬಗಳು ಹೆಚ್ಚು, ಅವರು ದೇಹವನ್ನು ಕೂರಿಸಿ ಸಮಾಧಿ ಮಾಡುತ್ತಾರೆ. ಸತ್ತ ಕೆಲವು ಗಂಟೆಗಳಲ್ಲಿ ದವಡೆ, ಕುತ್ತಿಗೆಗಳಿಂದ ಆರಂಭವಾಗುವ ಸೆಡೆತ ಸುಮಾರು 12 ಗಂಟೆಗಳಲ್ಲಿ ಮೈತುಂಬ ಆವರಿಸುತ್ತದೆ, ತಂಪಿನಲ್ಲಿಟ್ಟ ದೇಹದಲ್ಲಿ ಇನ್ನೂ ಹೆಚ್ಚು ಹೊತ್ತು ಉಳಿಯುತ್ತದೆ. ಆದ್ದರಿಂದ ‘ಕೂರಿಸಬೇಕೇ?’ ಎಂದು ಮೊದಲೇ ಕೇಳಿಕೊಳ್ಳಿ. ಪರೀಕ್ಷೆಯ ನಂತರ ಸೊಂಟ, ಮೊಣಕಾಲುಗಳ ಕೀಲುಗಳನ್ನು ನಿಧಾನವಾಗಿ ಸಡಿಲಿಸಿ, ಕೂರಿಸಿದಾಗ ಸೋರದಂತೆ ಹೊಲಿಗೆಯನ್ನು ಒತ್ತೊತ್ತಾಗಿ ಹಾಕಿ, ತಲೆಗೆ ಹತ್ತಿಯಿಟ್ಟು ಬಿಗಿಯಾಗಿ ಕಟ್ಟಿಕೊಡಬಹುದು. ಕೊರಳಲ್ಲಿ ಇಷ್ಟಲಿಂಗವಿದ್ದರೆ ಅದನ್ನು ‘ಬಿಳಿ ಲೋಹದ ವಸ್ತು’ ಎಂದು ಬರೆದು ಚೀಲಕ್ಕೆ ಹಾಕುವುದು ನಾನು ಕಂಡ ಅವಿವೇಕಗಳಲ್ಲಿ ದೊಡ್ಡದು. ಇಷ್ಟಲಿಂಗ, ಕರಡಿಗೆ ಎಂದೇ ದಾಖಲಿಸಿ, ತನಿಖಾಧಿಕಾರಿಯ ಒಪ್ಪಿಗೆಯೊಂದಿಗೆ ಮನೆಯವರ ಕೈಗೇ ಕೊಡಿ.

ಉತ್ತರ 2 – ತಂಗಿಯನ್ನು ಕಳೆದುಕೊಂಡ ಅಣ್ಣ

ವೈದ್ಯರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನನ್ನ ತಂಗಿಗೆ ಮದುವೆಯಾಗಿ ಮೂರು ವರ್ಷವಾಗಿತ್ತು. ಮದುವೆಯಾದ 7 ವರ್ಷಗಳೊಳಗೆ ಹೆಣ್ಣುಮಗಳ ಆತ್ಮಹತ್ಯೆ ಅಥವಾ ಅನುಮಾನಾಸ್ಪದ ಸಾವಾದರೆ ತಹಶೀಲ್ದಾರರೇ ಬಂದು ಪಂಚನಾಮೆ ಮಾಡಬೇಕು ಎಂಬುದು ನಮಗೆ ಗೊತ್ತಿರಲಿಲ್ಲ. ಯಾರೂ ಹೇಳದೇ ಇದ್ದುದರಿಂದ, ಗಂಡನ ಕಡೆಯವರು ದುಡ್ಡು ಕೊಟ್ಟು ತಡ ಮಾಡಿಸುತ್ತಿದ್ದಾರೆ ಎಂದುಕೊಂಡು ನಾವು ಆಸ್ಪತ್ರೆಯ ಅಂಗಳದಲ್ಲಿಯೇ ಜಗಳಕ್ಕೆ ನಿಂತೆವು. ಗೇಟಿನ ಬಳಿ ಒಬ್ಬ ಬಟ್ಟೆಗೆ, ಹತ್ತಿಗೆ ಎಂದು ಎರಡು ಸಾವಿರ ಕೇಳಿದ, ಕೊಟ್ಟೆವು. ಪರೀಕ್ಷೆಗೆ ಶುಲ್ಕವಿಲ್ಲವೆಂಬ ಫಲಕ ಕಣ್ಣಿಗೆ ಬೀಳುವಲ್ಲಿ ಇದ್ದಿದ್ದರೆ ಕೊಡುತ್ತಿರಲಿಲ್ಲ.

ಒಳಗಿದ್ದ ಇನ್ನೊಬ್ಬರು ವಯಸ್ಸಾದವರು. ನಮ್ಮಮ್ಮ ಒಳಗೆ ಹೋಗುವ ಮುಂಚೆ ಅವರು ಹೊರಬಂದು, ‘ತಾಯಿ, ತಲೆಯಲ್ಲಿ ಹೊಲಿಗೆ ಇದೆ, ಕೂದಲಿನಿಂದ ಮುಚ್ಚಿದ್ದೇನೆ, ಮುಖಕ್ಕೆ ಏನೂ ಆಗಿಲ್ಲ, ಮುಟ್ಟಬಹುದು, ಮೈ ತಣ್ಣಗಿರುತ್ತದೆ’ ಎಂದರು. ಅವಳ ಕೂದಲನ್ನು ತೊಳೆದು ಜಡೆ ಹೆಣೆದಿದ್ದರು. ಜಡೆ ಸ್ವಲ್ಪ ಸೊಟ್ಟಗಿತ್ತು. ಅಮ್ಮ ಅದನ್ನು ಬಿಚ್ಚಿ ಮತ್ತೆ ಹೆಣೆದಳು, ಅಷ್ಟು ಹೊತ್ತೂ ಅವರು ಪಕ್ಕದಲ್ಲಿ ಬಾಚಣಿಗೆ ಹಿಡಿದುಕೊಂಡು ನಿಂತಿದ್ದರು. ‘ಬಾಡಿ’ ಎಂದು ಒಮ್ಮೆಯೂ ಅನ್ನಲಿಲ್ಲ, ‘ನಿಮ್ಮ ಮಗಳು’ ಎಂದೇ ಹೇಳಿದರು.

ಉತ್ತರ 3 – ಆಸ್ಪತ್ರೆಯ ಆಪ್ತಸಮಾಲೋಚಕಿ

ಕೈಪಿಡಿಯಲ್ಲಿ ಆ ಮೂವರು ನೌಕರರ ಬಗ್ಗೆಯೂ ಒಂದು ಪುಟ ಇರಲಿ, ದಯವಿಟ್ಟು. ಹೆಪಟೈಟಿಸ್ ಬಿ ಲಸಿಕೆಯ ಮೂರೂ ಡೋಸುಗಳು ಅವರಿಗೆ ಆಗಿವೆಯೇ, ದಪ್ಪ ಕೈಗವಸು ಮತ್ತು ಎನ್95 ಮಾಸ್ಕ್ ದಾಸ್ತಾನಿನಲ್ಲಿವೆಯೇ, ಮನೆಗೆ ಹೋಗುವ ಮುಂಚೆ ಸ್ನಾನಕ್ಕೆ ನೀರಿದೆಯೇ ಎಂದು ನೋಡಿ. ಕುಡಿಯದೆ ಈ ಕೆಲಸ ಆಗುವುದಿಲ್ಲ ಎಂದು ನನ್ನೊಡನೆ ಹೇಳಿಕೊಂಡವರಿದ್ದಾರೆ. ಅದನ್ನು ಬರೀ ಶಿಸ್ತಿನ ಪ್ರಶ್ನೆಯೆಂದು ನೋಡಿದರೆ ಅವರು ಮುಚ್ಚಿಡುತ್ತಾರೆ, ಅಷ್ಟೆ. ಮಕ್ಕಳ ದೇಹ ಬಂದ ದಿನ ಒಬ್ಬರನ್ನೇ ಪಾಳಿಯಲ್ಲಿ ಬಿಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲಿಯೇ ಮಾತನಾಡಬಹುದು. ಆ ಸಂಖ್ಯೆಯನ್ನು ಗೋಡೆಯ ಮೇಲೆ, ಒಳಗೂ ಹೊರಗೂ ಬರೆಸಿ. ಆತ್ಮಹತ್ಯೆಯಾದ ಮನೆಯವರಿಗೆ ಒಂದು ಚೀಟಿಯಲ್ಲಿ ಬರೆದು ಜೇಬಿಗೆ ಹಾಕಿಕೊಡುವುದು ಇನ್ನೂ ಒಳ್ಳೆಯದು, ಏಕೆಂದರೆ ಆ ಹೊತ್ತಿನಲ್ಲಿ ಹೇಳಿದ ಮಾತು ಅವರ ಕಿವಿಗೆ ಬಿದ್ದಿರುವುದಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಲಸಿಕೆಯ ದಾಖಲೆ ತೆಗೆಸಿ ನೋಡಿದೆ: ಒಬ್ಬರಿಗೆ ಒಂದೇ ಡೋಸ್ ಆಗಿದೆ, ಇಬ್ಬರಿಗೆ ಒಂದೂ ಇಲ್ಲ. ಸೋಮವಾರ ಮೂವರಿಗೂ ಹಾಕಿಸುತ್ತೇನೆ. ‘ಶುಲ್ಕವಿಲ್ಲ’ ಎಂಬ ಫಲಕಕ್ಕೆ ಆಸ್ಪತ್ರೆಯ ಮುಖ್ಯಸ್ಥರಾದ ಜಿಲ್ಲಾ ಶಸ್ತ್ರಚಿಕಿತ್ಸಕರು ಒಪ್ಪಿದ್ದಾರೆ. ತಡದ ಕಾರಣಗಳ ಪುಟವನ್ನು ನಿನ್ನೆ ಮೂವರಿಗೂ ಓದಿ ಹೇಳಿದೆ. ಹಿರಿಯ ನೌಕರರು ಎಲ್ಲವನ್ನೂ ಕೇಳಿಸಿಕೊಂಡು, ‘ಸಿಸ್ಟರ್, ತಹಶೀಲ್ದಾರರ ವಿಷಯ ನಮಗೇ ಈಗ ಗೊತ್ತಾಯಿತು’ ಎಂದರು.