ರಾತ್ರಿ ಅಪ್ಪನಿಗೆ ಏನಾದರೂ ಆದರೆ ತಾಲೂಕು ಆಸ್ಪತ್ರೆಗಾ, ನೇರ ದೊಡ್ಡಾಸ್ಪತ್ರೆಗಾ?

ಪ್ರಶ್ನೆ: ಅಪ್ಪನಿಗೆ 76, ಸಕ್ಕರೆ ಕಾಯಿಲೆ ಇದೆ. ಅಮ್ಮನ ಜೊತೆ ತೋಟದ ಮನೆಯಲ್ಲಿದ್ದಾರೆ, ನಾನು ಬೆಂಗಳೂರಿನಲ್ಲಿ. ತಾಲೂಕು ಆಸ್ಪತ್ರೆ ಅರ್ಧ ಗಂಟೆ, ಜಿಲ್ಲಾಸ್ಪತ್ರೆ ಎರಡು ಗಂಟೆ ದಾರಿ. ನೇರ ಜಿಲ್ಲೆಗೇ ಹೋಗುವುದು ಒಳ್ಳೆಯದಲ್ವಾ?

ಉತ್ತರ (ತುರ್ತು ವಿಭಾಗದ ವೈದ್ಯೆ): ಎದೆನೋವಾದರೆ ದಯವಿಟ್ಟು ತಾಲೂಕು ಆಸ್ಪತ್ರೆ ದಾಟಿ ಹೋಗಬೇಡಿ. 2023ರಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಶುರುವಾದ ಮೇಲೆ ಎಷ್ಟೋ ತಾಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆಯುತ್ತಾರೆ, ತಜ್ಞರು ದೂರದಿಂದಲೇ ನೋಡುತ್ತಾರೆ, ಬೇಕಿದ್ದರೆ ರಕ್ತದ ಗಡ್ಡೆ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಟ್ಟು ಆಮೇಲೆ ಮುಂದಕ್ಕೆ ಕಳಿಸುತ್ತಾರೆ. ನಿಮ್ಮ ತಾಲೂಕಿನಲ್ಲಿ ಇದೆಯಾ ಅಂತ ಈ ವಾರವೇ ಕೇಳಿಡಿ.

ನನಗೆ ಜಾಸ್ತಿ ಭಯ ಮನೆಯಲ್ಲೇ ಕಳೆದುಹೋಗುವ ಗಂಟೆಗಳದ್ದು. ಗ್ಯಾಸ್ ಇರಬೇಕು ಅಂತ ಸೋಡಾ, ಜೀರಿಗೆ ಕಷಾಯ ಕುಡಿದು, ಮಕ್ಕಳಿಗೆ ರಾತ್ರಿ ಹೊತ್ತು ಯಾಕೆ ತೊಂದರೆ ಅಂತ ಬೆಳಗಿನವರೆಗೆ ಕೂರುತ್ತಾರೆ. ಸಕ್ಕರೆ ಕಾಯಿಲೆ ಇರುವ ಹಿರಿಯರಿಗೆ ಎದೆ ನೋಯದೆಯೂ ಹಾರ್ಟ್ ಅಟ್ಯಾಕ್ ಆಗಬಹುದು. ತಣ್ಣನೆ ಬೆವರು, ಏದುಸಿರು, ವಿಪರೀತ ಸುಸ್ತು, ಅಷ್ಟೇ. ಅಮ್ಮನಿಗೆ ಇದನ್ನು ಬಿಡಿಸಿ ಹೇಳಿ. ಫೋನ್ ಮಾಡುವವರು ಅವರೇ.

ಪ್ರಶ್ನೆ: ಲಕ್ವ ಹೊಡೆದರೂ ತಾಲೂಕಿಗೇನಾ?

ಉತ್ತರ: ಇಲ್ಲ. ಬಾಯಿ ಸೊಟ್ಟಗಾದರೆ, ಒಂದು ಕೈ ಮೇಲೇಳದಿದ್ದರೆ, ಮಾತು ತೊದಲಿದರೆ ಸಿಟಿ ಸ್ಕ್ಯಾನ್ ಇರುವ ಹತ್ತಿರದ ಆಸ್ಪತ್ರೆಗೆ ಹೋಗಿ. ಮೆದುಳಲ್ಲಿ ಆಗಿರುವುದು ರಕ್ತದ ಗಡ್ಡೆಯೋ ರಕ್ತಸ್ರಾವವೋ ಅಂತ ಸ್ಕ್ಯಾನ್ ಇಲ್ಲದೆ ಗೊತ್ತಾಗುವುದಿಲ್ಲ. ಗಡ್ಡೆ ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ಇರುವುದು ನಾಲ್ಕೂವರೆ ಗಂಟೆ, ಅದೂ ಅವರು ಕೊನೆಯ ಸಲ ಸರಿಯಾಗಿದ್ದ ಹೊತ್ತಿನಿಂದ ಲೆಕ್ಕ. ಗ್ಲುಕೋಮೀಟರ್ ಇದ್ದರೆ ಸಕ್ಕರೆ ನೋಡಿ, ಅದು ತೀರಾ ಇಳಿದರೂ ಹೀಗೇ ಕಾಣುತ್ತದೆ. ಎಚ್ಚರವಿಲ್ಲದವರ ಬಾಯಿಗೆ ನೀರು, ಮಾತ್ರೆ ಏನೂ ಹಾಕಬೇಡಿ. ಉಸಿರೇ ನಿಲ್ಲುವ ಹಾಗಿದ್ದರೆ ಮಾತ್ರ ಯಾವುದು ಹತ್ತಿರವೋ ಅಲ್ಲಿಗೆ.

ಇನ್ನೊಬ್ಬರ ಪ್ರಶ್ನೆ: ನಮ್ಮ ಕಡೆ 108 ಬರುವುದು ತಡ. ಖರ್ಚಿಗೆ ಹೆದರಿ ಅಪ್ಪ ಹೊರಡುವುದೇ ಇಲ್ಲ.

ಉತ್ತರ: 108ಕ್ಕೆ ಫೋನ್ ಮಾಡಿ, ಎಷ್ಟು ಹೊತ್ತಾಗುತ್ತದೆ ಅಂತ ಕೇಳಿ. ತಡ ಅಂದರೆ ಕಾಯದೆ ಊರಿನ ಜೀಪ್ ಹತ್ತಿಸಿ. ಚಾಲಕರ ನಂಬರ್ ಗೋಡೆ ಮೇಲೆ ದೊಡ್ಡದಾಗಿ ಬರೆದಿಡಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ತುರ್ತು ಪಟ್ಟಿಯಲ್ಲಿರುವ ಚಿಕಿತ್ಸೆಗೆ ರೆಫರಲ್ ಚೀಟಿ ಬೇಡ, ಯೋಜನೆಯಲ್ಲಿರುವ ಖಾಸಗಿ ಆಸ್ಪತ್ರೆಗೂ ನೇರ ಹೋಗಬಹುದು. ಇದನ್ನು ಅಪ್ಪನಿಗೆ ಈಗಲೇ ಹೇಳಿ, ಅವರು ಹುಷಾರಾಗಿರುವಾಗಲೇ.

ಕಾರ್ಡ್, ಆಧಾರ್, ಹಳೆಯ ಇಸಿಜಿ, ಮಾತ್ರೆಗಳ ಪಟ್ಟಿ ಸಮೇತ ಒಂದೇ ಚೀಲದಲ್ಲಿರಲಿ. 'ಒಂದು ಸಣ್ಣ ಬಿಳಿ ಮಾತ್ರೆ ಡಾಕ್ಟ್ರೇ' ಅಂದರೆ ನಮಗೆ ಏನೂ ತಿಳಿಯುವುದಿಲ್ಲ. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುತ್ತಿದ್ದರೆ ಒಳಗೆ ಬಂದ ತಕ್ಷಣ ಹೇಳಿ. ಗಡ್ಡೆ ಕರಗಿಸುವ ಆ ಇಂಜೆಕ್ಷನ್ ಕೊಡಬಹುದಾ ಬೇಡವಾ ಅನ್ನುವುದಕ್ಕೆ ನಾವು ಮೊದಲು ಕೇಳುವುದೇ ಅದನ್ನು.