ಪೇಪರ್ ಹಾಕೋ ಮುಂಚೆ ಪಿಎಫ್ ಪಾಸ್‌ಬುಕ್ ತೆಗಿ, ದೀಪಾ

ದೀಪಾ, ನಿನ್ನ ಮೆಸೇಜ್ ಎರಡು ಸಲ ಕೇಳಿದೆ ಕಣೇ. ಎರಡು ತಿಂಗಳಿಂದ ಸಂಬಳ ಇಪ್ಪತ್ತು ದಿನ ತಡ. ಮ್ಯಾನೇಜರ್ ನಿನ್ನ ಹತ್ರ ಒಂದು ಹೇಳ್ತಾನೆ, ಮೀಟಿಂಗಲ್ಲಿ ಇನ್ನೊಂದು ಹೇಳ್ತಾನೆ. ರಾತ್ರಿ ಹತ್ತಕ್ಕೆ ಫೋನು. ಈಗ ಎಚ್‌ಆರ್ ಬೇರೆ "ಸೋಮವಾರ ಸ್ವಲ್ಪ ಮಾತಾಡೋದಿದೆ" ಅಂದಿದಾರೆ. ಅದಕ್ಕೆ ಈ ಗ್ರೂಪಲ್ಲಿ ಅಣ್ಣ "ಎಲ್ಲಾ ಕಡೆ ಹೀಗೇನೇ, ಅಡ್ಜಸ್ಟ್ ಮಾಡ್ಕೋ" ಅಂದ, ಚೇತು "ನಾಳೆನೇ ಪೇಪರ್ ಹಾಕು, ರಾಜೀನಾಮೆ ಕೊಟ್ಟುಬಿಡು" ಅಂದ. ಅಣ್ಣ, ಬೇಜಾರು ಮಾಡ್ಕೋಬೇಡ, ನಿಮ್ಮಿಬ್ಬರ ಮಾತೂ ಸದ್ಯಕ್ಕೆ ಬೇಡ. ಯಾವುದು ಮೊದಲು, ಯಾವುದು ಆಮೇಲೆ ಅನ್ನೋದರಲ್ಲೇ ಇರೋದು ಎಲ್ಲಾ. ಉದ್ದ ಆಗುತ್ತೆ, ಮೆಟ್ರೋದಲ್ಲಿ ಹೋಗ್ತಾ ಕೇಳು.

ಮೊದಲು ಮ್ಯಾನೇಜರ್ ವಿಷಯ ಬಿಡು, ದುಡ್ಡಿನ ವಿಷಯ ನೋಡೋಣ. ಇವತ್ತು ರಾತ್ರಿನೇ ಸರ್ಕಾರದ ಉಮಂಗ್ ಆ್ಯಪ್ ತೆಗೆದು ಪಿಎಫ್ ಪಾಸ್‌ಬುಕ್ ನೋಡು. ಕೆಳಗೆ ಕಾಣೋ ಒಟ್ಟು ಮೊತ್ತ ಮಾತ್ರ ನೋಡಿ ಖುಷಿಪಟ್ಟು ಮುಚ್ಚಬೇಡ. ತಿಂಗಳು ತಿಂಗಳಿನ ಸಾಲು ನೋಡಬೇಕು. ಒಂದು ತಿಂಗಳ ಸಂಬಳದ ಪಿಎಫ್‌ನ ಕಂಪನಿ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಮಾರ್ಚ್ ಸಂಬಳದ್ದು ಏಪ್ರಿಲ್ 15ರೊಳಗೆ. ಪಾಸ್‌ಬುಕ್ಕಿಗೆ ಏರೋಕೆ ಇನ್ನೊಂದಷ್ಟು ದಿನ ಹಿಡಿಯುತ್ತೆ, ಆದ್ದರಿಂದ ತಿಂಗಳ ಕೊನೆ ವಾರದಲ್ಲಿ ನೋಡೋದು ಸರಿ. ನಿನ್ನ ಬೇಸಿಕ್ 25,000 ಅಂದಿದ್ದೆ ಅಲ್ವಾ. ಹಾಗಿದ್ರೆ ನಿನ್ನ ಕಡೆಯಿಂದ 12 ಪರ್ಸೆಂಟ್ ಅಂದ್ರೆ 3,000. ಕಂಪನಿ ಕಡೆಯಿಂದಲೂ 3,000, ಅದರಲ್ಲಿ 1,250 ಪಿಂಚಣಿ ಕಾಲಮ್ಮಿಗೆ ಹೋಗುತ್ತೆ, ಉಳಿದ 1,750 ಪಿಎಫ್‌ಗೆ. ಕೆಲವು ಕಂಪನಿ ಬೇಸಿಕ್ ಎಷ್ಟೇ ಜಾಸ್ತಿ ಇದ್ರೂ 15,000ಕ್ಕೆ ಮಾತ್ರ ಲೆಕ್ಕ ಹಾಕಿ ಕಟ್ತಾರೆ, ಆಗ ನಿನ್ನದು 1,800, ಅವರದ್ದು 550 ಮತ್ತೆ 1,250 ಅಂತ ಕಾಣುತ್ತೆ. ಅದು ಕಳ್ಳಾಟ ಅಲ್ಲ, ಹಾಗೆ ಕಟ್ಟೋಕೆ ಅವಕಾಶ ಇದೆ. ನೀನು ನೋಡಬೇಕಾದ್ದು ಇಷ್ಟೇ: ಸ್ಯಾಲರಿ ಸ್ಲಿಪ್ಪಲ್ಲಿ ಕಟ್ ಆಗಿರೋ ಮೊತ್ತವೂ ಪಾಸ್‌ಬುಕ್ಕಿನ ಸಾಲೂ ಒಂದೇನಾ, ಯಾವ ತಿಂಗಳ ಸಾಲಾದ್ರೂ ಕಾಣೆಯಾಗಿದೆಯಾ.

ಇದನ್ನ ಯಾಕೆ ಮೊದಲು ಹೇಳ್ತಿದೀನಿ ಅಂದ್ರೆ, ಕಂಪನಿ ಕೈ ಬಿಗಿಯಾದಾಗ ಮೊದಲು ನಿಲ್ಲೋದು ಸಂಬಳ ಅಲ್ಲ, ಪಿಎಫ್ ಮತ್ತೆ ಟಿಡಿಎಸ್, ಅಂದ್ರೆ ಸಂಬಳದಲ್ಲೇ ಹಿಡ್ಕೊಳ್ಳೋ ಆದಾಯ ತೆರಿಗೆ. ಸಂಬಳ ನಿಲ್ಲಿಸಿದ್ರೆ ಅವತ್ತೇ ಆಫೀಸಲ್ಲಿ ಗಲಾಟೆ. ಪಿಎಫ್ ನಿಲ್ಲಿಸಿದ್ರೆ ಆರು ತಿಂಗಳು ಯಾರಿಗೂ ಗೊತ್ತೇ ಆಗಲ್ಲ. ಪಾಸ್‌ಬುಕ್ಕಲ್ಲಿ ಎರಡು ತಿಂಗಳು ಖಾಲಿ ಇದ್ರೆ ತಿಳ್ಕೋ, ತೊಂದರೆ ನಿನ್ನ ಮ್ಯಾನೇಜರ್‌ಗಿಂತ ದೊಡ್ಡದು. ಟಿಡಿಎಸ್‌ಗೆ ಇನ್ಕಮ್ ಟ್ಯಾಕ್ಸ್ ವೆಬ್‌ಸೈಟಲ್ಲಿ 26ಎಎಸ್ ನೋಡು, ನಿನ್ನ ಹೆಸರಲ್ಲಿ ಜಮಾ ಆಗಿರೋ ತೆರಿಗೆಯ ಪಟ್ಟಿ ಅದು. ಆದರೆ ಅದು ಮೂರು ಮೂರು ತಿಂಗಳ ಲೆಕ್ಕ. ಏಪ್ರಿಲ್‌ನಿಂದ ಜೂನ್‌ವರೆಗಿನದ್ದು ಕಂಪನಿ ಜುಲೈ ಕೊನೆಗೆ ರಿಟರ್ನ್ ಹಾಕಿದ ಮೇಲೇ ಕಾಣೋದು, ಈಗಲೇ ಇಲ್ಲ ಅಂತ ಗಾಬರಿ ಬೇಡ. ಪ್ರೈವೇಟ್ ಲಿಮಿಟೆಡ್ ಆಗಿದ್ರೆ ಎಂಸಿಎ, ಅಂದ್ರೆ ಕಂಪನಿ ವ್ಯವಹಾರಗಳ ಸಚಿವಾಲಯದ ವೆಬ್‌ಸೈಟಲ್ಲಿ ಕಂಪನಿ ಹೆಸರು ಹಾಕಿ ಮಾಸ್ಟರ್ ಡೇಟಾ ತೆಗಿ. ಕೊನೇ ಬ್ಯಾಲೆನ್ಸ್ ಶೀಟ್ ಯಾವ ವರ್ಷದ್ದು ಅಂತ ಪುಕ್ಕಟೆ ಸಿಗುತ್ತೆ. ಎರಡು ಮೂರು ವರ್ಷದಿಂದ ಬ್ಯಾಲೆನ್ಸ್ ಶೀಟೇ ಸಲ್ಲಿಸಿಲ್ಲ ಅಂದ್ರೆ ಯಾರ ಸಮಾಧಾನದ ಮಾತೂ ನಂಬಬೇಡ.

ಪಿಎಫ್ ಸಾಲು ಕಾಣೆಯಾಗಿದ್ರೆ ಮೊದಲು ಎಚ್‌ಆರ್‌ಗೆ ಎರಡು ಸಾಲಿನ ಮೇಲ್. "ಮಾರ್ಚ್, ಏಪ್ರಿಲ್ ತಿಂಗಳ ಪಿಎಫ್ ಪಾಸ್‌ಬುಕ್ಕಲ್ಲಿ ಕಾಣ್ತಿಲ್ಲ, ಯಾವಾಗ ಜಮಾ ಆಗುತ್ತೆ ತಿಳಿಸಿ." ಅಷ್ಟೇ. ಸಂಬಳದಲ್ಲಿ ಕಟ್ ಮಾಡ್ಕೊಂಡು ಕಟ್ಟದೇ ಇರೋದು ಬರೀ ತಡ ಅಲ್ಲ, ಭಾರತೀಯ ನ್ಯಾಯ ಸಂಹಿತೆಯ 316ನೇ ಸೆಕ್ಷನ್ನಲ್ಲಿ ಅದು ನಂಬಿಕೆದ್ರೋಹ. ಆದರೆ ಆ ಸೆಕ್ಷನ್ನು ಮೊದಲನೇ ಮೇಲಲ್ಲೇ ಎತ್ತಬೇಡ, ಅಕೌಂಟ್ಸ್‌ನವರು ಉತ್ತರ ಕೊಡೋದು ಬಿಟ್ಟು ವಕೀಲರ ಹತ್ರ ಓಡ್ತಾರೆ. ಉತ್ತರ ಬರಲಿಲ್ಲ ಅಂದ್ರೆ ಪಿಎಫ್‌ನವರ ದೂರಿನ ಪೋರ್ಟಲ್ ಇದೆ, ಇಪಿಎಫ್‌ಐಜಿಎಂಎಸ್ ಅಂತ. ಸ್ಯಾಲರಿ ಸ್ಲಿಪ್ಪು, ಬ್ಯಾಂಕ್ ಸ್ಟೇಟ್‌ಮೆಂಟು ಹಾಕಿ ದೂರು ಕೊಡಬಹುದು. ಪ್ರತಿ ತಿಂಗಳು 27ಕ್ಕೆ ಜಿಲ್ಲೆ ಜಿಲ್ಲೆಯಲ್ಲೂ ಪಿಎಫ್‌ನವರ ಶಿಬಿರ ಇರುತ್ತೆ, ಅಲ್ಲಿ ಕಾಗದ ಹಿಡ್ಕೊಂಡು ಎದುರಿಗೇ ಕೇಳಬಹುದು. ಒಂದು ಮಾತ್ರ ನೆನಪಿಡು, ದೂರು ಕೊಟ್ರೆ ಕಂಪನಿಗೆ ನಿನ್ನ ಹೆಸರು ಗೊತ್ತಾಗುತ್ತೆ ಅಂತಲೇ ಲೆಕ್ಕ ಹಾಕಿ ಕೊಡು. ಬೇರೆ ಕೆಲಸ ಕೈಗೆ ಬಂದ ಮೇಲೆ ಕೊಟ್ರೂ ತಡ ಆಗಲ್ಲ.

ಸಂಬಳ ತಡದ್ದು. ಹೊಸ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂತು. ತಿಂಗಳ ಸಂಬಳ ಮುಂದಿನ ತಿಂಗಳ 7ರೊಳಗೆ ಕೊಡಬೇಕು. ಹಳೇ ಕಾಯ್ದೆಯಲ್ಲಿ ಇದು 24,000 ರೂಪಾಯಿವರೆಗಿನ ಸಂಬಳದವರಿಗೆ ಮಾತ್ರ ಇತ್ತು, ಈಗ ಎಲ್ಲರಿಗೂ. ಕೆಲಸ ಬಿಟ್ಟವರಿಗೆ, ಬಿಡಿಸಿದವರಿಗೆ ಬಾಕಿ ಸಂಬಳ ಎರಡು ಕೆಲಸದ ದಿನದೊಳಗೆ ಅಂತಿದೆ. ನಿಮ್ಮ ಎಚ್‌ಆರ್ "ಫುಲ್ ಅಂಡ್ ಫೈನಲ್‌ಗೆ (ಬಾಕಿ ಎಲ್ಲಾ ಚುಕ್ತಾ ಮಾಡೋಕೆ) 45 ದಿನ ಆಗುತ್ತೆ" ಅನ್ನೋದು ಅವರ ರೂಢಿ, ಕಾನೂನಲ್ಲ. ನೀನು ಕೇಳಿದ ತಕ್ಷಣ ಎರಡು ದಿನದಲ್ಲಿ ಕೊಟ್ಟುಬಿಡ್ತಾರೆ ಅಂತಲೂ ಇಲ್ಲ. ಆದರೆ ಬಾಕಿಗೆ ಕ್ಲೇಮ್ ಹಾಕೋಕೆ 3 ವರ್ಷ ಟೈಮಿದೆ, ಬೆಂಗಳೂರಲ್ಲಾದ್ರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ವಿಚಾರಿಸು.

ಒಂದ್ನಿಮಿಷ, ಕುಕ್ಕರ್ ಮೂರು ಸಲ ಕೂಗ್ತು... ಹಾಂ.

ಈಗ ನಿನ್ನ ಮ್ಯಾನೇಜರ್. ಬಾಯಲ್ಲಿ ಹೇಳಿ ಆಮೇಲೆ "ನಾನು ಹಾಗೆ ಹೇಳೇ ಇಲ್ಲ" ಅನ್ನೋರ ಜೊತೆ ವಾದ ಮಾಡಿ ಗೆದ್ದೋರು ಯಾರೂ ಇಲ್ಲ. ಅವನು ಹೇಳಿ ಅರ್ಧ ಗಂಟೆಯೊಳಗೆ ನೀನು ಮೂರು ಸಾಲು ಮೇಲ್ ಮಾಡಬೇಕು. ಹೀಗೆ ಬರಿ: "ಸರ್, ಈಗ ಮಾತಾಡಿದ ಪ್ರಕಾರ ಬಿಲ್ಲಿಂಗ್ ರಿಪೋರ್ಟ್ ನಿಲ್ಲಿಸಿ ಡೀಲರ್ ಡೇಟಾ ಮೊದಲು ಮುಗಿಸ್ತೀನಿ. ಅದರಿಂದ ಬಿಲ್ಲಿಂಗ್ ರಿಪೋರ್ಟ್ ಶುಕ್ರವಾರದ ಬದಲು ಬುಧವಾರ ಬರುತ್ತೆ. ಬೇರೆ ಥರ ಬೇಕಿದ್ರೆ ಇವತ್ತು 5 ಗಂಟೆಯೊಳಗೆ ತಿಳಿಸಿ." ನೋಡು, ಇದರಲ್ಲಿ "ದಯವಿಟ್ಟು ಕನ್ಫರ್ಮ್ ಮಾಡಿ" ಅಂತ ಬೇಕೂಂತಲೇ ಬರೆದಿಲ್ಲ. ಕನ್ಫರ್ಮ್ ಕೇಳಿದ್ರೆ ಅವನು ಉತ್ತರವೇ ಕೊಡಲ್ಲ, ಆಮೇಲೆ "ನಾನೆಲ್ಲಿ ಒಪ್ಪಿದೆ" ಅಂತಾನೆ. ಹೀಗೆ ಬರೆದ್ರೆ ಅವನು ಸುಮ್ಮನಿದ್ದಿದ್ದೇ ಒಪ್ಪಿಗೆ. ಎರಡನೇ ಸಾಲು ಬಿಡಲೇಬೇಡ, ಯಾವ ಕೆಲಸ ಹಿಂದೆ ಬಿತ್ತು, ಎಷ್ಟು ದಿನ ಅನ್ನೋದು ಅಲ್ಲೇ ಇರೋದು. ಅವನ ಮೇಲಿನವರನ್ನ ಸಿಸಿ ಹಾಕ್ಬೇಡ. ಹಾಕಿದ ಕ್ಷಣ ಅದು ಕೆಲಸದ ಮೇಲ್ ಅಲ್ಲ, ದೂರು. "ನೀವೇ ಹೇಳಿದ್ರಲ್ಲ" ಅನ್ನೋ ಧಾಟಿ ಬೇಡ, ಹೋದ ವಾರದ ಜಗಳ ಎಳೀಬೇಡ. ರಾತ್ರಿ ಹನ್ನೊಂದಕ್ಕೆ ಸಿಟ್ಟಲ್ಲಿ ಬರೆದಿದ್ದನ್ನ ಡ್ರಾಫ್ಟಲ್ಲೇ ಇಟ್ಟು ಬೆಳಿಗ್ಗೆ ಕಾಫಿ ಆದ್ಮೇಲೆ ಓದು, ಅರ್ಧ ಅಳಿಸ್ತೀಯ.

ಮೂರು ಅರ್ಜೆಂಟ್ ಕೆಲಸ ಒಟ್ಟಿಗೆ ಬಂದ್ರೆ "ಆಗಲ್ಲ ಸರ್" ಅನ್ನೋದಕ್ಕಿಂತ "ಇದರಲ್ಲಿ ಯಾವುದು ನಾಳೆಗೆ ಹೋಗಲಿ?" ಅಂತ ಕೇಳು. ಆರಿಸೋ ಹೊಣೆ ಅವನ ತಲೆಗೆ. ಉತ್ತರ ಏನೇ ಬರಲಿ, ಮತ್ತೆ ಅದೇ ಮೂರು ಸಾಲು.

ರಾತ್ರಿ ಬರೋ ಫೋನು ಎತ್ತೋದನ್ನ ಒಂದೇ ಸಲಕ್ಕೆ ನಿಲ್ಲಿಸಿದ್ರೆ ಅದೇ ದೊಡ್ಡ ವಿಷಯ ಆಗುತ್ತೆ. ಮೊದಲನೇ ವಾರ ರಿಂಗ್ ಆಗಿ ಹತ್ತು ನಿಮಿಷಕ್ಕೆ "ಹೊರಗಿದ್ದೆ ಸರ್, ಬೆಳಿಗ್ಗೆ 9:30ಕ್ಕೆ ಮೊದಲ ಕೆಲಸ ಇದೇ" ಅಂತ ಮೆಸೇಜ್ ಹಾಕು, ಹೇಳಿದ ಟೈಮಿಗೆ ನಿಜವಾಗಲೂ ಮಾಡು. ಮುಂದಿನ ವಾರ ಹತ್ತು ನಿಮಿಷ ಅರ್ಧ ಗಂಟೆ ಆಗಲಿ. 2024ರಲ್ಲಿ ಐಟಿಯವರಿಗೆ ದಿನಕ್ಕೆ 14 ಗಂಟೆ ದುಡಿಸೋ ಪ್ರಸ್ತಾಪ ಬಂದಾಗ ನಮ್ಮ ಐಟಿ ನೌಕರರ ಸಂಘ ಕಿಟು ಬೀದಿಗಿಳಿದಿತ್ತಲ್ಲ, ಅವರ ಹತ್ರ ಸಲಹೆ ಕೇಳಬಹುದು, ಮುಚ್ಚುಮರೆ ಏನಿಲ್ಲ.

ಕಾಗದ ಪತ್ರ ಎತ್ತಿಡು, ಆದರೆ ನಿನ್ನದು ಮಾತ್ರ. ಅಪಾಯಿಂಟ್‌ಮೆಂಟ್ ಲೆಟರ್, ಇನ್ಕ್ರಿಮೆಂಟ್ ಲೆಟರ್, ಎಲ್ಲಾ ಸ್ಯಾಲರಿ ಸ್ಲಿಪ್, ಫಾರ್ಮ್ 16, ಬಾಕಿ ರಜೆ ಎಷ್ಟಿದೆ ಅನ್ನೋ ಸ್ಕ್ರೀನ್‌ಶಾಟ್. ಕಂಪನಿ ಫೈಲುಗಳನ್ನ ನಿನ್ನ ಜಿಮೇಲಿಗೆ ಕಳಿಸಬೇಡ, ಬಹಳ ಜನ ಸಿಕ್ಕಿಬೀಳೋದು ಇಲ್ಲೇ. ನ್ಯಾಯ ನಿನ್ನ ಕಡೆ ಇದ್ರೂ "ಡೇಟಾ ಕದ್ದಳು" ಅಂತ ತಿರುಗಿಸ್ತಾರೆ. ಆಫೀಸ್ ಚಾಟಲ್ಲಿ ಬಾಸ್ ಬಗ್ಗೆ ಒಂದು ನಗೋ ಎಮೋಜಿ ಕೂಡ ಬೇಡ. ಯಾರು, ಯಾವತ್ತು, ಎಷ್ಟು ಗಂಟೆಗೆ, ಏನಂದ್ರು ಅನ್ನೋದನ್ನ ಮನೆಯಲ್ಲಿ ಒಂದು ನೋಟ್‌ಬುಕ್ಕಲ್ಲಿ ಬರೆದಿಡು.

ಸೋಮವಾರದ ಎಚ್‌ಆರ್ ಮಾತು. ಬಾಗಿಲು ಹಾಕಿ, ಪ್ರಿಂಟ್ ಆಗಿರೋ ರಾಜೀನಾಮೆ ಮುಂದಿಟ್ಟು "ಸೈನ್ ಮಾಡಿದ್ರೆ ಒಳ್ಳೇ ರಿಲೀವಿಂಗ್ ಲೆಟರ್, ಇಲ್ಲಾಂದ್ರೆ ಟರ್ಮಿನೇಷನ್" ಅನ್ನಬಹುದು. ಅಳು ಬಂದ್ರೂ ಪರವಾಗಿಲ್ಲ, ಪೆನ್ನು ಮುಟ್ಟಬೇಡ. "ಮೇಲಲ್ಲಿ ಕಳಿಸಿ, ಓದಿ ಎರಡು ದಿನದಲ್ಲಿ ಉತ್ತರ ಕೊಡ್ತೀನಿ" ಅಂತ ಎದ್ದು ಬಾ. ನಮ್ಮ ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರದ್ದು, ಅದರ 39ನೇ ಸೆಕ್ಷನ್ ಪ್ರಕಾರ ಆರು ತಿಂಗಳು ದುಡಿದವರನ್ನ ಸರಿಯಾದ ಕಾರಣ ಇಲ್ಲದೆ, ಒಂದು ತಿಂಗಳ ನೋಟಿಸೋ ಅಷ್ಟು ಸಂಬಳವೋ ಕೊಡದೆ ತೆಗೆಯೋ ಹಾಗಿಲ್ಲ, ದುರ್ನಡತೆ ಸಾಬೀತಾದ್ರೆ ಬೇರೆ ಮಾತು. ನೀನಾಗೇ ಸೈನ್ ಹಾಕಿದ್ರೆ ಆ ರಕ್ಷಣೆ ಹೋಯ್ತು. ಅವರಿಗೆ ಆ ಸೈನ್ ಬೇಕಾಗಿರೋದೇ ಅದಕ್ಕೆ. ಹೊರಗೆ ಬಂದ ಮೇಲೆ ಏನು ನಡೀತು ಅಂತ ಅವರಿಗೇ ಒಂದು ಮೇಲ್, ಅವತ್ತೇ.

ಇನ್ನು ನೀನಾಗೇ ಬಿಡೋದಾದ್ರೆ ಯಾವಾಗ? ಸೇರಿ 4 ವರ್ಷ 8 ತಿಂಗಳು ಅಂದೆ. ಐದು ತುಂಬಿದ್ರೆ ಗ್ರಾಚ್ಯುಟಿ, ಅಂದ್ರೆ ಕೆಲಸ ಬಿಡುವಾಗ ಕಂಪನಿ ಕೊಡಬೇಕಾದ ಇಡುಗಂಟು. 25,000ನ 26ರಿಂದ ಭಾಗಿಸಿ, 15ರಿಂದ ಗುಣಿಸಿ, ಮತ್ತೆ ಐದರಿಂದ, ಸುಮಾರು 72,115 ರೂಪಾಯಿ. ಹೊಸ ಸಂಹಿತೆಯಲ್ಲಿ ಭತ್ಯೆಗಳು ಒಟ್ಟು ಸಂಬಳದ ಅರ್ಧ ದಾಟಿದ್ರೆ ದಾಟಿದ್ದನ್ನೂ ಬೇಸಿಕ್‌ಗೆ ಸೇರಿಸಿ ಲೆಕ್ಕ ಹಾಕ್ಬೇಕು, ಹಾಗಾಗಿ ಇನ್ನೂ ಜಾಸ್ತಿ ಬರಬಹುದು. 4 ವರ್ಷದ ಮೇಲೆ 240 ದಿನ ಆಗಿದ್ರೆ ಸಾಕು ಅಂತ ಕೆಲವು ಕೋರ್ಟ್ ತೀರ್ಪಿದೆ, ಆದರೆ ಅದನ್ನ ಕೊಡಿಸ್ಕೊಳ್ಳೋಕೆ ಓಡಾಡಬೇಕಾಗುತ್ತೆ. ನೋಟಿಸ್ ಪೀರಿಯಡ್ಡೂ ಸರ್ವಿಸ್ಸೇ ಅಲ್ವಾ, ನಿನ್ನದು 90 ದಿನ ಆಗಿದ್ರೆ ಇನ್ನು ಒಂದು ತಿಂಗಳು ಕಾದು ಪೇಪರ್ ಹಾಕಿದ್ರೂ ಐದು ವರ್ಷ ತುಂಬುತ್ತೆ. ಮಧ್ಯೆ ಅವರೇ "ಬೇಗ ಬಿಡ್ತೀವಿ" ಅಂದ್ರೆ ಖುಷಿಪಡೋ ಮುಂಚೆ ಕೊನೇ ದಿನದ ತಾರೀಖು ನೋಡು. ಆದರೆ ಪಾಸ್‌ಬುಕ್ ಖಾಲಿ ಇದ್ದು ಸಂಬಳವೂ ನಿಂತ್ರೆ 72 ಸಾವಿರದ ಆಸೆಗೆ ಕೂರಬೇಡ, ಬರಬೇಕಾದ್ದೂ ಅದೇ ಖಾಲಿ ಪೆಟ್ಟಿಗೆಯಿಂದ ತಾನೆ.

ಬಿಡೋ ಮುಂಚೆ ಪಿಎಫ್ ಬಾಕಿ ಕಟ್ಟಿಸ್ಕೋಬೇಕು ಅಂತ ಹಠ ಹಿಡಿ, ಕಾರಣ ಇದೆ. ಕಂಪನಿ ಪಿಎಫ್ ದಾಖಲೆಯಲ್ಲಿ ನಿನ್ನ ಎಕ್ಸಿಟ್ ಡೇಟ್ (ಕೆಲಸ ಬಿಟ್ಟ ತಾರೀಖು) ಹಾಕದಿದ್ರೆ ಎರಡು ತಿಂಗಳಾದ ಮೇಲೆ ಯುಎಎನ್ (ನಿನ್ನ ಪಿಎಫ್ ನಂಬರ್) ಪೋರ್ಟಲಲ್ಲಿ ಆಧಾರ್ ಒಟಿಪಿ ಕೊಟ್ಟು ನೀನೇ ಹಾಕ್ಕೋಬಹುದು. ಆದರೆ ಕೊನೇ ಸಲ ಯಾವ ತಿಂಗಳ ಪಿಎಫ್ ಬಿದ್ದಿದೆಯೋ ಆ ತಿಂಗಳ ತಾರೀಖು ಮಾತ್ರ ತಗೊಳ್ಳುತ್ತೆ. ಫೆಬ್ರವರಿಗೇ ಕಟ್ಟೋದು ನಿಲ್ಲಿಸಿ ನೀನು ಸೆಪ್ಟೆಂಬರಲ್ಲಿ ಬಿಟ್ರೆ, ಪಿಎಫ್ ಪ್ರಕಾರ ನೀನು ಫೆಬ್ರವರಿಗೇ ಕೆಲಸ ಬಿಟ್ಟವಳು. ಹೊಸ ಕಂಪನಿ ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್ ಮಾಡುವಾಗ ರೆಸ್ಯೂಮೆಯಲ್ಲಿ ಸುಳ್ಳು ಬರೆದಿದ್ದೀಯ ಅನ್ನೋ ಹಾಗೆ ಕಾಣುತ್ತೆ. ಸ್ಯಾಲರಿ ಸ್ಲಿಪ್ಪು, ಬ್ಯಾಂಕ್ ಸ್ಟೇಟ್‌ಮೆಂಟು ಎತ್ತಿಡು ಅಂದಿದ್ದು ಇದಕ್ಕೂ ಸೇರಿಸಿ. ರಿಲೀವಿಂಗ್ ಲೆಟರ್ ಹಿಡಿದಿಟ್ಕೊಂಡ್ರೂ ಅವೇ ಕೈ ಹಿಡಿಯೋದು. ಲ್ಯಾಪ್‌ಟಾಪ್ ವಾಪಸ್ ಕೊಡುವಾಗ ಸೀರಿಯಲ್ ನಂಬರ್ ಬರೆಸಿ ಸೈನ್ ತಗೋ.

ರಾಜೀನಾಮೆ ಮೇಲಲ್ಲಿ ಕಾರಣ ಬರೀಬೇಡ. ಬಿಡ್ತಿದೀನಿ, ಕೊನೇ ದಿನ ಇದು, ಮುಗೀತು. ಇಷ್ಟು ದಿನಕ್ಕೆ ಮುಂಚೆ ಬಿಟ್ರೆ ದುಡ್ಡು ಕಟ್ತೀನಿ ಅನ್ನೋ ಬಾಂಡ್ ಸೈನ್ ಮಾಡಿದ್ದೀಯಾ ಅಂತ ನೋಡು. "ಬಾಂಡ್‌ಗೆಲ್ಲ ಬೆಲೆ ಇಲ್ಲ" ಅಂತ ಚೇತು ಹೇಳೋದು ಪೂರ್ತಿ ಸರಿಯಲ್ಲ. 2025ರ ಮೇ ತಿಂಗಳಲ್ಲಿ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2 ಲಕ್ಷದ ಬಾಂಡ್ ಎತ್ತಿಹಿಡಿದಿದೆ. ಅದು ಸರ್ಕಾರಿ ಬ್ಯಾಂಕು, ನೇಮಕಾತಿ ಖರ್ಚಿನ ಲೆಕ್ಕ ಬೇರೆ, ಆದ್ರೂ ಓದದೇ ಹೆಜ್ಜೆ ಇಡಬೇಡ.

ಅಣ್ಣ, ಇದು ನಿನಗೆ. ಅತ್ತಿಗೆಯ ಶುಗರ್ ಮಾತ್ರೆ, ಆಸ್ಪತ್ರೆ ಎಲ್ಲಾ ದೀಪಾಳ ಕಂಪನಿ ಇನ್ಶೂರೆನ್ಸಲ್ಲೇ ಇರೋದು ಅಲ್ವಾ. ಅವಳು ಬಿಟ್ಟ ದಿನ ಅದು ನಿಲ್ಲುತ್ತೆ. ಹೊಸ ಪಾಲಿಸಿಯಲ್ಲಿ ಮುಂಚಿನಿಂದ ಇರೋ ಕಾಯಿಲೆಗೆ 3 ವರ್ಷದವರೆಗೂ ಕಾಯಿಸಬಹುದು. ಅದೇ ಇನ್ಶೂರೆನ್ಸ್ ಕಂಪನಿಯಲ್ಲಿ ಸ್ವಂತ ಪಾಲಿಸಿಗೆ ಬದಲಾಯಿಸೋಕೆ ಆಗುತ್ತಾ ಅಂತ ಅವಳು ಕೆಲಸದಲ್ಲಿರುವಾಗಲೇ ಕೇಳಿಸು.

ದೀಪಾ, ಪಾಸ್‌ಬುಕ್ ಸ್ಕ್ರೀನ್‌ಶಾಟ್ ನಂಗೆ ಬೇರೆ ಕಳಿಸು, ಈ ಗ್ರೂಪಿಗೆ ಹಾಕ್ಬೇಡ, ಯುಎಎನ್ ನಂಬರ್ ಅದರಲ್ಲೇ ಇರುತ್ತೆ. ಅಪಾಯಿಂಟ್‌ಮೆಂಟ್ ಲೆಟರಿನ ನೋಟಿಸ್ ಪೀರಿಯಡ್ ಪುಟವೂ ಕಳಿಸು. ಭಾನುವಾರ ಸಾಯಂಕಾಲ ಕೂತು ಸೋಮವಾರದ ಮಾತಿಗೆ ತಯಾರಿ ಮಾಡೋಣ.