ಹಳಿ ಹಿಡಿದು ನಡೆಯುವ ಹಸುಗಳಿಗೆ ಪೈಪಿನ ತಡೆ: ಯಾರಾದರೂ ಹಾಕಿ ನೋಡಿದ್ದೀರಾ?

ನಮ್ಮದು ಚಿಕ್ಕಬಾಣಾವರ ದಾಟಿ ತುಮಕೂರು ರೈಲ್ವೆ ಲೈನ್ ಪಕ್ಕ. ಮನೆಯಲ್ಲಿ ನಾಲ್ಕು ಸೀಮೆ ಹಸು, ಎರಡು ನಾಟಿ. ಕೆರೆ ಕಡೆ ಹೊಡೆದುಕೊಂಡು ಹೋಗುವಾಗ ಗೇಟ್ ಹತ್ತಿರ ರಸ್ತೆ ಬಿಟ್ಟು ಹಳಿ ಹಿಡಿದು ನಡೆದುಬಿಡುತ್ತವೆ. ಹೋದ ತಿಂಗಳು ಒಂದು ಕಡಸು ಗಾಡಿಗೆ ಸಿಕ್ಕಿ ಹೋಯಿತು. ಗುಂಡಿ ತೋಡಿ ಮೇಲೆ ಅಡ್ಡಡ್ಡ ಕಬ್ಬಿಣದ ಪೈಪ್ ಜೋಡಿಸಿದರೆ ದನ ಕಾಲಿಡುವುದಿಲ್ಲವಂತೆ. ಅಮೆರಿಕದ ರೈಲ್ವೆ ಗೇಟಿನದೊಂದು ವಿಡಿಯೋ ನೋಡಿದೆ, ಅದಕ್ಕೆ ‘ಕ್ಯಾಟಲ್ ಗಾರ್ಡ್’ ಅನ್ನುತ್ತಾರಂತೆ. ನಮ್ಮ ಕಡೆ ಯಾರಾದರೂ ಹಾಕಿಸಿದ್ದೀರಾ? ನಿಜವಾಗಲೂ ಕೆಲಸ ಮಾಡುತ್ತದಾ?

ಬಿಡದಿ ಕಡೆಯಿಂದ ಒಬ್ಬರು:
ಹಳಿ ಹತ್ತಿರ ಅಲ್ಲ, ನಮ್ಮ ತೋಟದ ಬಾಯಿಗೆ ಹಾಕಿಸಿದ್ದೇನೆ. ಒಂದೂವರೆ ಅಡಿ ಆಳ, ಎಂಟಡಿ ಉದ್ದ. ಎರಡೂವರೆ ಇಂಚಿನ ದುಂಡು ಪೈಪು, ನಡುವೆ ನಾಲ್ಕು ಇಂಚಿಗಿಂತ ಸ್ವಲ್ಪ ಜಾಸ್ತಿ ಜಾಗ. ಮೊದಲು ಆರಡಿ ಮಾಡಿಸಿದ್ದೆ, ನಾಟಿ ಹೋರಿ ಒಂದೇ ನೆಗೆತಕ್ಕೆ ದಾಟಿತು. ಮತ್ತೆ ಒಡೆಸಿ ಉದ್ದ ಮಾಡಿಸಿದೆ.

ಮೊದಲ ದಿನ ಕೂತು ನೋಡಿದೆ. ದೊಡ್ಡ ಹಸು ಬಂತು, ತಲೆ ಬಗ್ಗಿಸಿ ಮೊದಲ ಪೈಪನ್ನು ಮೂಸಿತು. ಒಂದು ಗೊರಸು ಇಟ್ಟಿತು, ಜಾರಿತು, ತಟ್ಟನೆ ಹಿಂದಕ್ಕೆ ಎಳೆದುಕೊಂಡಿತು. ಆಮೇಲೆ ಐದು ನಿಮಿಷ ಅಲ್ಲೇ ನಿಂತು ಆ ಕಡೆಯ ಹುಲ್ಲನ್ನೇ ನೋಡುತ್ತಿತ್ತು ಪಾಪ. ಗೊರಸಿಗೆ ಗಟ್ಟಿ ನೆಲ ಸಿಗುವುದಿಲ್ಲ, ಕೆಳಗೆ ಕತ್ತಲೆ. ಅಷ್ಟೇ ಅದರ ಗುಟ್ಟು. ಚಪ್ಪಟೆ ಪಟ್ಟಿ ಹಾಕಬೇಡಿ, ಅದರ ಮೇಲೆ ಆರಾಮಾಗಿ ನಡೆಯುತ್ತವೆ.

ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಗುಂಡಿ ತುಂಬಾ ಕೆಮ್ಮಣ್ಣು, ತೆಂಗಿನ ಗರಿ. ಕಾಲಿಗೆ ನೆಲ ಸಿಕ್ಕಿತು, ಎಲ್ಲವೂ ದಾಟಿ ಪಕ್ಕದವರ ರಾಗಿ ಹೊಲಕ್ಕೆ ಹೋದವು. ಈಗ ಎರಡು ತಿಂಗಳಿಗೊಮ್ಮೆ ಗುದ್ದಲಿ ಹಿಡಿಯುವುದು ನನ್ನ ಪಾಲಿನ ಕೆಲಸ.

ಲೈನ್ ಕೆಲಸ ಮಾಡಿ ರಿಟೈರ್ ಆದವರು:
ತಮ್ಮಾ, ಮೊದಲು ಒಂದು ಮಾತು. ಹಳಿ ಪಕ್ಕ ನೀವಾಗಿ ಏನೂ ತೋಡಬೇಡಿ. ರೈಲ್ವೆ ಜಾಗಕ್ಕೆ ಹೇಳದೆ ಕೇಳದೆ ಕಾಲಿಟ್ಟರೇ 1989ರ ಕಾಯ್ದೆಯ 147ನೇ ಕಲಂ ಇದೆ. ಆರು ತಿಂಗಳವರೆಗೆ ಜೈಲು, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಗುಂಡಿ ತೋಡಿದರೆ ಕಥೆಯೇ ಬೇರೆ.

‘ಕ್ಯಾಟಲ್ ಗಾರ್ಡ್’ ಅನ್ನುವುದು ಎರಡು ಬೇರೆ ಬೇರೆ ವಸ್ತುಗಳಿಗೆ ಇರುವ ಹೆಸರು. ಒಂದು ನೀವು ಹೇಳುವ ಪೈಪಿನ ಗುಂಡಿ. ಇನ್ನೊಂದು ಇಂಜಿನ್ ಮೂತಿಯ ಕೆಳಗೆ ಹಳಿಯ ಹತ್ತಿರದವರೆಗೆ ಬರುವ ಕಬ್ಬಿಣದ ತಡೆ. ಅದು ದನವನ್ನು ಪಕ್ಕಕ್ಕೆ ತಳ್ಳುತ್ತದೆ, ಚಕ್ರದಡಿ ಸಿಕ್ಕಿ ಗಾಡಿ ಹಳಿ ತಪ್ಪಬಾರದು ಅಂತ. ಗಾಡಿ ಉಳಿಸಲು ಇರುವುದು, ಹಸು ಉಳಿಸಲು ಅಲ್ಲ. 2022ರ ಅಕ್ಟೋಬರಿನಲ್ಲಿ ಅಹಮದಾಬಾದ್ ಹತ್ತಿರ ವಂದೇ ಭಾರತ್ ಎಮ್ಮೆಗಳಿಗೆ ಗುದ್ದಿ ಅದರ ಮೂತಿಯೇ ಕಿತ್ತುಹೋಗಿತ್ತು, ನೆನಪಿದೆಯಾ? ಆಮೇಲೆ ಮುಂಬೈ–ಅಹಮದಾಬಾದ್ ಲೈನಿಗೆ ಹೈವೇ ಪಕ್ಕ ಇರುತ್ತದಲ್ಲ, ಅಂಥ ಲೋಹದ ಬೇಲಿ ಹಾಕಲು ಶುರು ಮಾಡಿದರು. ಪೈಪಿನ ಗುಂಡಿ ಅಲ್ಲ.

ಯಾಕೆ ಅಂದರೆ, ಗುಂಡಿ ಇದ್ದು ಅದರ ಎರಡೂ ತುದಿಗೆ ಬೇಲಿ ಕೂಡಿಸದಿದ್ದರೆ ದನ ಪಕ್ಕದಿಂದ ಸುತ್ತಿ ಬರುತ್ತದೆ. ಹಳಿ ಕೆಳಗಿನ ಜಲ್ಲಿ ಬಡಿದು ಗಟ್ಟಿ ಮಾಡುವ ಮೆಷಿನ್ ಬಂದಾಗ ಹಳಿಗಳ ನಡುವೆ ಹಾಕಿದ್ದನ್ನೆಲ್ಲ ಎತ್ತಿ ಮತ್ತೆ ಕೂರಿಸಬೇಕು. ಇದೆಲ್ಲ ಹೇಗೋ ಆಗಲಿ ಅನ್ನಿ. ಬೆದರಿದ ಕರುವಿನ ಕಾಲು ಪೈಪಿನ ಸಂದಿಗೆ ಇಳಿದರೆ? ತೋಟದ ಬಾಯಲ್ಲಾದರೆ ನಾಲ್ಕು ಜನ ಸೇರಿ ಎತ್ತುತ್ತೀರಿ. ಹಳಿ ಮೇಲೆ ಅಷ್ಟು ಹೊತ್ತು ಎಲ್ಲಿಂದ ತರುತ್ತೀರಿ? ನೂರರ ಮೇಲೆ ಓಡುವ ಗಾಡಿ ನಿಲ್ಲಲು ಹತ್ತಿರ ಹತ್ತಿರ ಒಂದು ಕಿಲೋಮೀಟರ್ ಬೇಕು. ಡ್ರೈವರ್ ಹಾರ್ನ್ ಹೊಡೆಯಬಹುದು, ಬ್ರೇಕ್ ಹಾಕಬಹುದು, ಅಷ್ಟೇ.

ದನ ಹಳಿ ಮೇಲೆ ಇದ್ದರೆ ಗೇಟ್‌ಮನ್‌ಗೆ ಓಡಿ ಹೇಳಿ. ಗೇಟ್ ದೂರ ಇದ್ದರೆ ರೈಲ್ವೆ ಸಹಾಯವಾಣಿ 139ಕ್ಕೆ ಫೋನ್ ಮಾಡಿ. ಮಾಡುವಾಗ ಹಳಿ ಪಕ್ಕದ ಕರೆಂಟ್ ಕಂಬದ ಮೇಲಿನ ನಂಬರ್ ಓದಿ ಹೇಳಿ, ಜಾಗ ತಕ್ಷಣ ಗೊತ್ತಾಗುತ್ತದೆ.

ಮಾಲೂರು ಲೈನಿನವರು:
ನಮ್ಮಲ್ಲಿ ಗೇಟ್ ತೆಗೆದು ಅಂಡರ್‌ಪಾಸ್ ಮಾಡಿದರು. ಇನ್ನು ಚಿಂತೆ ಇಲ್ಲ ಅಂದುಕೊಂಡೆವು. ಹಸುಗಳು ಒಳಗೆ ಇಳಿಯಲೇ ಇಲ್ಲ! ನಯವಾದ ಸಿಮೆಂಟ್ ಇಳಿಜಾರು, ಮಳೆ ಬಂದರೆ ಮೊಣಕಾಲುದ್ದ ನೀರು, ಮೇಲೆ ಗಾಡಿ ಹೋದಾಗ ಗುಡುಗಿದ ಹಾಗೆ ಸದ್ದು. ನನ್ನ ಅಜ್ಜಿಯೇ ಇಳಿಯಲ್ಲ ಅಂದಳು. ಕಾಯುವವರು ಏನು ಮಾಡುತ್ತಾರೆ, ಹಳಿ ಮೇಲೆಯೇ ಹೊಡೆದರು. ಪಂಚಾಯಿತಿಗೆ ಹೇಳಿ ಇಳಿಜಾರಿನ ಸಿಮೆಂಟಿಗೆ ಅಡ್ಡ ಗೀರು ಹಾಕಿಸಿದೆವು, ಚರಂಡಿ ಬಿಡಿಸಿದೆವು. ಮೊದಲು ಒಂದು ಹಳೇ ಹಸುವಿಗೆ ಹಗ್ಗ ಹಾಕಿ ನಾಲ್ಕು ದಿನ ಎಳೆದುಕೊಂಡು ಹೋದೆವು. ಉಳಿದವು ಅದರ ಬಾಲ ಹಿಡಿದವು. ತಡೆ ಹಾಕುವ ಮೊದಲು ಅವು ಎಲ್ಲಿಗೆ ಹೋಗಬೇಕು ಅಂತ ನೋಡಿ. ನೀರಿಗೆ ಬೇರೆ ದಾರಿ ಇಲ್ಲದಿದ್ದರೆ ಯಾವ ಪೈಪೂ ನಿಲ್ಲಿಸಲ್ಲ.

ಇನ್ನೊಬ್ಬರು:
ಕುರಿ ಇದ್ದರೆ ಮರೆತುಬಿಡಿ. ಇಂಗ್ಲೆಂಡಿನ ಮಾರ್ಸ್‌ಡನ್‌ನಲ್ಲಿ ಕುರಿಗಳು ಪೈಪಿನ ಮೇಲೆ ಉರುಳಿಕೊಂಡು ದಾಟುತ್ತವೆ ಅಂತ 2004ರಲ್ಲಿ ಸುದ್ದಿಯೇ ಆಗಿತ್ತು. ನಮ್ಮ ಮೇಕೆಗಳು ಅಷ್ಟು ಕಷ್ಟವನ್ನೂ ಪಡಲಿಲ್ಲ, ಗುಂಡಿಯ ಅಂಚಿನ ಕಲ್ಲಿನ ಮೇಲೆ ಸಾಲಾಗಿ ನಡೆದವು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಬೆಳಗ್ಗೆ ಹಸುಗಳನ್ನು ಹೊಡೆಯದೆ ಸುಮ್ನೆ ಹಿಂದೆ ನಡೆದೆ. ಗೇಟ್ ಪಕ್ಕದ ಚರಂಡಿಯಲ್ಲಿ ಹಸಿರು ಹುಲ್ಲು ಬೆಳೆದಿದೆ, ಅದಕ್ಕೇ ತಿರುಗುತ್ತಿವೆ. ನಾನು ಕೆರೆ ದಾರಿ ಅಂದುಕೊಂಡಿದ್ದೆ. ಕಡಸು ಹೋದ ಜಾಗವೂ ಅಲ್ಲಿಂದ ನಲವತ್ತು ಹೆಜ್ಜೆ. ಕೆರೆಗೆ ಹೊಡೆಯುವುದು ಬಿಟ್ಟು ಮನೆಯಲ್ಲೇ ತೊಟ್ಟಿ ಕಟ್ಟಿಸುತ್ತೇನೆ. ಪೈಪಿನ ತಡೆ ನಮ್ಮ ಓಣಿಯ ಬಾಯಿಗೆ, ನಮ್ಮ ಜಾಗದಲ್ಲೇ, ಎರಡೂ ಕಡೆ ಕಲ್ಲು ಕಂಬ ನೆಟ್ಟು. ಬೈಕ್ ಹೋಗುತ್ತದಲ್ವಾ?

ಬಿಡದಿಯವರು:
ಬೈಕ್ ಹೋಗುತ್ತದೆ, ಮಳೆಯಲ್ಲಿ ನಿಧಾನ. ಹಸುಗಳನ್ನು, ಅದರಲ್ಲೂ ಗಬ್ಬದ ಹಸುವನ್ನು, ಅದರ ಮೇಲೆ ಹೊಡೆಯಬೇಡಿ, ಪಕ್ಕದಲ್ಲಿ ಒಂದು ಸಣ್ಣ ಗೇಟ್ ಇರಲಿ. ಚಿಲಕ ಹೊರಗಡೆಗೆ ಹಾಕಿಸಿ. ನಮ್ಮದು ಕೊಂಬಲ್ಲಿ ಎತ್ತಿ ತೆಗೆಯುವುದನ್ನು ಎರಡೇ ದಿನದಲ್ಲಿ ಕಲಿತಿತ್ತು.